ಚಂದ್ರನಿಗೆ ಮತ್ತೆ ಯಾಕೆ ಹೋಗಬೇಕು? ಕಾರವಾರದ ಮರಳ ಮೇಲೆ ಪದೇ ಪದೇ ಕೇಳಿದ ಪ್ರಶ್ನೆಗಳು

ತಿಂಗಳಲ್ಲಿ ಮೂರ್ನಾಲ್ಕು ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನನ್ನ ಆರು ಇಂಚಿನ ದೂರದರ್ಶಕ ಇಟ್ಟು, ಬಂದವರಿಗೆಲ್ಲ ಚಂದ್ರನನ್ನು ತೋರಿಸುತ್ತೇನೆ. ಮಳೆಗಾಲದಲ್ಲಿ ಅದು ಹಳೇ ಸೀರೆ ಸುತ್ತಿಕೊಂಡು ಕಪಾಟು ಸೇರುತ್ತದೆ. ಆಗ ಫೋನು, ಪತ್ರ ಶುರು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಹಾಗಾಗಿ ಇಲ್ಲಿ ಎಲ್ಲರಿಗೂ ‘ಅಕ್ಕೋರು’. ತವರು ಶಿರಸಿ ಕಡೆ, ಅಲ್ಲಿಯ ಹಿರಿಯರಿಗೆ ಇನ್ನೂ ‘ತಂಗಿ’. ಒಂದೇ ಪ್ರಶ್ನೆಗೆ ಐವತ್ತು ಸಲ ಉತ್ತರ ಹೇಳಿ ಗಂಟಲು ಬಿದ್ದ ಮೇಲೆ ಇದನ್ನು ಬರೆದಿಡೋಣ ಅನ್ನಿಸಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು.

## ಮರಳ ಮೇಲೆ ನಿಂತು ಕೇಳುವವು

“ಅಕ್ಕೋರೇ, ಐವತ್ತು ವರ್ಷದ ಹಿಂದೆಯೇ ಮನುಷ್ಯರು ಹೋಗಿ ಬಂದಾಯ್ತಲ್ಲ. ಈಗ ಮತ್ತೆ ಯಾಕೆ?”

1969ರಿಂದ 1972ರ ನಡುವೆ ಅಪೊಲೊ ಯಾನಗಳು ಆರು ಸಲ ಇಳಿದವು. ಹನ್ನೆರಡು ಜನ ಅಲ್ಲಿ ನಡೆದಾಡಿದರು, 382 ಕಿಲೊ ಕಲ್ಲು ಮಣ್ಣು ತಂದರು. ಆದರೆ ಆ ಆರೂ ಜಾಗ ನಮಗೆ ಕಾಣುವ ಮುಖದಲ್ಲೇ ಇವೆ. ಧ್ರುವಗಳ ಕಡೆ ಯಾರೂ ಹೋಗಲಿಲ್ಲ, ಹಿಂಬದಿಗೂ ಇಲ್ಲ. ಕೊನೆಗೆ ಹೋದ ಅಪೊಲೊ 17ರವರ ಹತ್ತಿರ ಓಡಾಡಲು ಗಾಡಿ ಇತ್ತು. ಅವರೂ ತಮ್ಮ ನೌಕೆಯಿಂದ ಎಂಟು ಕಿಲೊಮೀಟರ್ ದಾಟಲಿಲ್ಲ. ಚಂದ್ರನ ನೆಲವೋ ಸುಮಾರು 3.8 ಕೋಟಿ ಚದರ ಕಿಲೊಮೀಟರ್. ಭಾರತದಂಥ ಹನ್ನೊಂದು ದೇಶ ಅದರಲ್ಲಿ ಹಿಡಿಸುತ್ತವೆ.

ರೈಲಿನಲ್ಲಿ ಬಂದು ಕಾರವಾರದಲ್ಲಿ ಇಳಿದು, ಬೀಚ್ ನೋಡಿ, ಮೀನೂಟ ಮಾಡಿ ಹೋದವರು ‘ಉತ್ತರ ಕನ್ನಡ ಪೂರ್ತಿ ನೋಡಿದೆ’ ಅಂದರೆ ನಾವು ಒಪ್ಪುತ್ತೇವಾ? ಯಾಣ ಎಲ್ಲಿ, ಯಲ್ಲಾಪುರ ಎಲ್ಲಿ, ದಾಂಡೇಲಿ ಎಲ್ಲಿ!

“ಅಲ್ಲಿ ಇರೋದು ಬರೀ ಕಲ್ಲು ಮಣ್ಣು. ಅದಕ್ಕೆ ಇಷ್ಟು ಖರ್ಚು ಯಾಕೆ ಮಾರಾಯ್ರೆ?”

ಆ ಕಲ್ಲೇ ಬೇಕಾದದ್ದು. ಭೂಮಿಗೆ ಸುಮಾರು 454 ಕೋಟಿ ವರ್ಷ. ಕಾರವಾರದ ಸುತ್ತಿನ ಕೆಲವು ಬಂಡೆಗಳಿಗೆ ಸುಮಾರು 320 ಕೋಟಿ ವರ್ಷ. ಜಗತ್ತಿನ ಲೆಕ್ಕದಲ್ಲಿ ಇವು ಮುದಿ ಬಂಡೆಗಳೇ. ಹಾಗಿದ್ದೂ ಅವಕ್ಕಿಂತ ಹಿಂದಿನ ನೂರು ಕೋಟಿಗೂ ಜಾಸ್ತಿ ವರ್ಷಗಳ ಕಥೆ ಅವುಗಳಲ್ಲಿ ಇಲ್ಲ. ಭೂಮಿಯಲ್ಲಿ ಬೇರೆಲ್ಲಿ ಹುಡುಕಿದರೂ ಅಷ್ಟು ಹಳೆಯದು ಸಿಗುವುದು ಚೂರುಪಾರು ಮಾತ್ರ. ನೆಲ ನೆಲದಡಿಗೆ ಜಾರಿ ಕರಗಿದೆ, ಮಳೆ ತೊಳೆದಿದೆ, ಸಮುದ್ರ ನುಂಗಿದೆ. ನಾವು ಗೋಡೆ ಕಟ್ಟುವ ಚಿರೆಕಲ್ಲು ಏನು ಅಂದುಕೊಂಡಿರಿ? ಹಳೆಯ ಬಂಡೆ ಲಕ್ಷಾಂತರ ಮಳೆಗಾಲ ನೆನೆದು, ಕರಗುವುದೆಲ್ಲ ಕರಗಿ ಹೋದ ಮೇಲೆ ಉಳಿದ ಕಬ್ಬಿಣದ ಗಸಿ ಅದು.

ಚಂದ್ರನಲ್ಲಿ ಮಳೆಯಿಲ್ಲ, ಗಾಳಿಯಿಲ್ಲ. ಅಪೊಲೊ ತಂದ ಕಲ್ಲುಗಳಲ್ಲಿ 440 ಕೋಟಿ ವರ್ಷ ದಾಟಿದ ಹರಳುಗಳಿವೆ. ನಮ್ಮ ಮನೆಯ ಹಳೇ ಕಾಗದಪತ್ರವನ್ನೆಲ್ಲ ಗೆದ್ದಲು ತಿಂದಿದೆ, ಪಕ್ಕದ ಮನೆಯವರ ಪೆಟ್ಟಿಗೆಯಲ್ಲಿ ಅದರ ನಕಲು ಉಳಿದಿದೆ ಅಂದುಕೊಳ್ಳಿ. ಹೋಗಿ ಕೇಳದೆ ಇರುತ್ತೀರಾ?

“ಚಂದ್ರ ಬಂದದ್ದಾದರೂ ಎಲ್ಲಿಂದ?”

ಈಗ ಹೆಚ್ಚಿನವರು ಒಪ್ಪುವ ಕಥೆ ಹೀಗಿದೆ. ಸುಮಾರು 450 ಕೋಟಿ ವರ್ಷದ ಹಿಂದೆ ಮಂಗಳ ಗ್ರಹದಷ್ಟು ದೊಡ್ಡದೊಂದು ಕಾಯ ಎಳೆಯ ಭೂಮಿಗೆ ಬಡಿಯಿತು. ಚಿಮ್ಮಿದ ಕರಗಿದ ಸಾಮಾನೆಲ್ಲ ಒಟ್ಟಾಗಿ ಚಂದ್ರ ಆಯಿತು. ಮೊದಲಿಗೆ ಅದರ ಮೇಲ್ಭಾಗವೆಲ್ಲ ಕುದಿಯುವ ಶಿಲಾಪಾಕದ ಕಡಲು.

ಆಲೆಮನೆ ನೋಡಿದವರಿಗೆ ಮುಂದಿನದ್ದು ಹೇಳುವುದು ಸುಲಭ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹಗುರದ್ದು ಮೇಲೆ ತೇಲಿ ಬರುತ್ತದೆ, ಅಲ್ವಾ? ಹಾಗೆ ಹಗುರವಾದ ಬಿಳಿ ಹರಳುಗಳು ಮೇಲೆ ತೇಲಿ ಗಟ್ಟಿಯಾದವು. ನಾವು ನೋಡುವ ಚಂದ್ರನ ಬೆಳ್ಳನೆಯ ಭಾಗ ಅದೇ. ಕಪ್ಪು ಕಲೆಗಳು ಆಮೇಲೆ ಒಳಗಿಂದ ಉಕ್ಕಿದ ಲಾವಾ.

2023ರ ಆಗಸ್ಟಿನಲ್ಲಿ ನಮ್ಮ ಚಂದ್ರಯಾನ-3ರ ಪ್ರಜ್ಞಾನ್ ಎಂಬ ರೋವರ್, ಅಂದರೆ ಓಡಾಡುವ ಪುಟ್ಟ ಯಂತ್ರಗಾಡಿ, ದಕ್ಷಿಣದ ಎತ್ತರದ ನೆಲದಲ್ಲಿ ನೂರು ಮೀಟರಿನಷ್ಟು ಓಡಾಡಿ ಮಣ್ಣಿನ ಮೂಲಧಾತುಗಳನ್ನು ಅಳೆಯಿತು. ಈ ತೇಲಿದ ಪದರದ ಲೆಕ್ಕಕ್ಕೆ ಅದು ಹೊಂದಿತು. ಅಷ್ಟು ದಕ್ಷಿಣದಲ್ಲಿ ನೆಲ ಮುಟ್ಟಿ ಅಳೆದದ್ದು ಅದೇ ಮೊದಲು. ಆದರೆ ಆ ಶಿಲಾಪಾಕದ ಕಡಲು ಎಷ್ಟು ಆಳ ಇತ್ತು, ಎಷ್ಟು ಕಾಲ ಆರದೆ ಉಳಿಯಿತು ಎಂಬುದು ಇನ್ನೂ ಜಗಳದ ವಿಷಯ.

“ಅಮಾಸೆ ಹುಣ್ಣಿಮೆಗೆ ನೀರು ಎಷ್ಟು ಏರ್ತದೆ ನಮಗೆ ಗೊತ್ತು. ವಿಜ್ಞಾನಿಗಳಿಗೆ ಇನ್ನೇನು ಬೇಕಂತೆ?”

ಇದನ್ನು ಕೇಳಿದವರು ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆಯುವ ಹೆಂಗಸು. ಇಳಿತದ ಹೊತ್ತಿನ ಬಗ್ಗೆ ಅವರ ಲೆಕ್ಕ ನನ್ನ ಪಂಚಾಂಗಕ್ಕಿಂತ ಚೆನ್ನಾಗಿದೆ.

ವಿಜ್ಞಾನಿಗಳಿಗೆ ಬೇಕಾದದ್ದು ಚಂದ್ರನ ದೂರದ ಲೆಕ್ಕ. ಉಬ್ಬರ ಇಳಿತದ ತಿಕ್ಕಾಟದಿಂದ ಭೂಮಿಯ ತಿರುಗಾಟ ನಿಧಾನವಾಗುತ್ತಿದೆ, ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಇಷ್ಟು ಸಣ್ಣ ಅಳತೆ ಹೇಗೆ ಸಿಕ್ಕಿತು ಅಂದರೆ, ಅಪೊಲೊ 11, 14, 15 ಮತ್ತು ಸೋವಿಯತ್ ರೋವರುಗಳು ಅಲ್ಲಿ ಕನ್ನಡಿಗಳನ್ನು ಬಿಟ್ಟಿವೆ. ಭೂಮಿಯಿಂದ ಲೇಸರ್ ಬಿಟ್ಟರೆ ಅವು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವೆ. ಪ್ರಜ್ಞಾನನ್ನು ಹೊತ್ತು ಇಳಿದ ನಮ್ಮ ವಿಕ್ರಮ್ ನೌಕೆಯ ಮೇಲೂ ನಾಸಾದ ಪುಟ್ಟ ಪ್ರತಿಫಲಕ ಒಂದಿದೆ. 2023ರ ಡಿಸೆಂಬರ್ 12ರಂದು ಚಂದ್ರನ ಸುತ್ತುತ್ತಿದ್ದ ಅಮೆರಿಕದ ನೌಕೆಯೊಂದು ಅದಕ್ಕೆ ಲೇಸರ್ ಹೊಡೆದು ಉತ್ತರ ಪಡೆಯಿತು. ಇಂಥ ಕನ್ನಡಿಗಳು ಚಂದ್ರನ ಅಂಚುಗಳಲ್ಲೂ ಇದ್ದರೆ ಅದರ ಸಣ್ಣ ಓಲಾಟ ಗೊತ್ತಾಗುತ್ತದೆ, ಓಲಾಟದಿಂದ ಒಳಗಿನ ತಿರುಳು ದ್ರವವೋ ಗಟ್ಟಿಯೋ ಎಂಬ ಸುಳಿವು ಸಿಗುತ್ತದೆ.

“ಚಂದ್ರನಲ್ಲಿ ನೀರು ಇದ್ದಡ, ಹೌದನೇ ತಂಗಿ? ಬಾವಿ ತೆಗೆದರೆ ಸಿಗ್ತಾ?”

ನಮ್ಮ ದೊಡ್ಡಪ್ಪನ ಪ್ರಶ್ನೆ. ಏಪ್ರಿಲಿನಲ್ಲಿ ತೋಟದ ಬಾವಿ ಬತ್ತಿದ ದಿನವೇ ಕೇಳಿದ್ದು.

ಇದೆ, ಆದರೆ ಬಾವಿಯ ನೀರಲ್ಲ. 2008ರಲ್ಲಿ ಹೋದ ಚಂದ್ರಯಾನ-1ರಲ್ಲಿ ನಾಸಾದ ಉಪಕರಣವೊಂದಿತ್ತು. ಚಂದ್ರನ ಮಣ್ಣಿನ ಮೇಲ್ಪದರದಲ್ಲಿ ನೀರಿನ ಅಂಶ ಅಂಟಿಕೊಂಡಿದೆ ಎಂದು ಅದು ಕಂಡುಹಿಡಿಯಿತು. ಅದು ಎಷ್ಟು ಕಡಿಮೆ ಅಂದರೆ ಆ ನೆಲ ನಮ್ಮ ಮರುಭೂಮಿಗಳಿಗಿಂತ ಒಣ. ದಕ್ಷಿಣ ಧ್ರುವದ ಹತ್ತಿರದ ಕೆಬಿಯಸ್ ಎಂಬ ಕತ್ತಲೆ ಕುಳಿಯ ಕಥೆ ಬೇರೆ. 2009ರ ಅಕ್ಟೋಬರ್ 9ರಂದು ನಾಸಾ ಅಲ್ಲಿಗೆ ಖಾಲಿ ರಾಕೆಟ್ ಭಾಗವೊಂದನ್ನು ಬೇಕೆಂದೇ ಬಡಿಸಿತು. ಎದ್ದ ದೂಳಿನಲ್ಲಿ ಸುಮಾರು 155 ಕಿಲೊ ನೀರು ಕಂಡಿತು. ಮಣ್ಣಿನ ತೂಕದಲ್ಲಿ ನೂರಕ್ಕೆ ಐದಾರು ಪಾಲು. ಆದರೆ ನೋಡಿ, ಅದು ಒಂದು ಕುಳಿಯ ಒಂದು ಜಾಗ. ಪಕ್ಕದ ಕುಳಿಯಲ್ಲೂ ಅಷ್ಟೇ ಇದೆ ಅನ್ನಲು ಆಗುವುದಿಲ್ಲ. ಒಂದು ತೋಟದಲ್ಲಿ ಬೋರ್ ಹೊಡೆದಾಗ ನೀರು ಬಂದರೆ ಪಕ್ಕದ ತೋಟದಲ್ಲೂ ಬರುತ್ತದೆ ಅಂತ ಶಿರಸಿಯಲ್ಲಿ ಯಾರೂ ಸಾಲ ಮಾಡುವುದಿಲ್ಲ.

## ಶಾಲೆ ಕಾಲೇಜಿನವರು ಕೇಳುವವು

“ಚಂದ್ರಯಾನ-3 ದಕ್ಷಿಣ ಧ್ರುವದಲ್ಲೇ ಇಳಿಯಿತಲ್ಲ ಮೇಡಂ. ಮತ್ತೆ ಎಲ್ಲರೂ ಅಲ್ಲಿಗೇ ಯಾಕೆ ಓಡುತ್ತಾರೆ?”

ಇಳಿದದ್ದು ಧ್ರುವದಲ್ಲಲ್ಲ. ಶಿವಶಕ್ತಿ ಎಂದು ಹೆಸರಿಟ್ಟ ಜಾಗ ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಅಲ್ಲಿಂದ ಧ್ರುವಕ್ಕೆ ಇನ್ನೂ ಆರುನೂರು ಕಿಲೊಮೀಟರಿಗೂ ಜಾಸ್ತಿ. ಬೆಂಗಳೂರಿನಲ್ಲಿ ನಿಂತು ‘ಕಾರವಾರದಲ್ಲಿದ್ದೇನೆ’ ಅಂದ ಹಾಗಾಗುತ್ತದೆ. ಸಾಧನೆ ಸಣ್ಣದೇನಲ್ಲ, ಅದಕ್ಕಿಂತ ಮೊದಲು ಅಷ್ಟು ದಕ್ಷಿಣದಲ್ಲಿ ಯಾರೂ ಮೆತ್ತಗೆ ಇಳಿದಿರಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಸರಿಯಾಗಿ ಬರೆಯಿರಿ.

ನಿಜವಾದ ಧ್ರುವದ ವಿಶೇಷ ಬೆಳಕಿನದ್ದು. ಚಂದ್ರನ ಅಕ್ಷ ಒಂದೂವರೆ ಡಿಗ್ರಿ ಮಾತ್ರ ವಾಲಿದೆ. ಹಾಗಾಗಿ ಅಲ್ಲಿ ಸೂರ್ಯ ಯಾವಾಗಲೂ ದಿಗಂತದ ಅಂಚಿನಲ್ಲೇ ಸುತ್ತುತ್ತಾನೆ. ಎತ್ತರದ ಏಣುಗಳಿಗೆ ವರ್ಷದ ಹೆಚ್ಚು ಕಾಲ ಬಿಸಿಲು, ಪಕ್ಕದ ಕುಳಿಯ ತಳಕ್ಕೆ ಎಂದೂ ಇಲ್ಲ. ಧ್ರುವಗಳ ಇಂಥ ಕುಳಿಗಳಲ್ಲಿ ಸೊನ್ನೆಗಿಂತ 240 ಡಿಗ್ರಿಗೂ ಕೆಳಗಿನ ಚಳಿ ಅಳೆದಿದ್ದಾರೆ. ಕರೆಂಟಿಗೆ ಬಿಸಿಲು, ನೀರಿಗೆ ಕತ್ತಲೆ, ಎರಡೂ ನಡೆದು ಹೋಗುವ ದೂರದಲ್ಲಿ. ಮನುಷ್ಯರನ್ನು ಮತ್ತೆ ಚಂದ್ರನಿಗೆ ಕಳಿಸುವ ನಾಸಾದ ಆರ್ಟೆಮಿಸ್ ಯೋಜನೆ, ಚೀನಾ, ಭಾರತ ಮತ್ತು ಜಪಾನ್ ಎಲ್ಲರ ಕಣ್ಣೂ ಅದಕ್ಕೇ ಅಲ್ಲಿದೆ.

“ಆ ಮಂಜುಗಡ್ಡೆ ಕುಡಿಯೋಕೆ, ಇಂಧನಕ್ಕೆ ಅಂತಾರೆ. ವಿಜ್ಞಾನಕ್ಕೆ ಅದರಲ್ಲಿ ಏನಿದೆ?”

ಬಹಳ ಇದೆ. ಅವಸರವೂ ಇದೆ.

ಆ ನೀರು ಮೂರು ಕಡೆಯಿಂದ ಬಂದಿರಬಹುದು. ಧೂಮಕೇತು, ಕ್ಷುದ್ರಗ್ರಹಗಳು ಬಡಿದಾಗ ತಂದದ್ದು ಒಂದು. ಚಂದ್ರನ ಜ್ವಾಲಾಮುಖಿಗಳ ಜೊತೆ ಒಳಗಿಂದ ಬಂದದ್ದು ಇನ್ನೊಂದು. ಸೂರ್ಯನಿಂದ ಹಾರಿಬರುವ ಹೈಡ್ರೋಜನ್ ಮಣ್ಣಿನ ಆಮ್ಲಜನಕದ ಜೊತೆ ಸೇರಿ ಅಲ್ಲೇ ಆದದ್ದು ಮೂರನೆಯದು. ಯಾವುದು ಎಷ್ಟು ಪಾಲು ಎಂದು ತಿಳಿಯಲು ನೀರಿನಲ್ಲಿರುವ ಸಾದಾ ಹೈಡ್ರೋಜನ್ ಮತ್ತು ಭಾರದ ಹೈಡ್ರೋಜನ್ ಎಷ್ಟೆಷ್ಟು ಅಂತ ನೋಡುತ್ತಾರೆ. ಒಂದೊಂದು ಮೂಲಕ್ಕೂ ಒಂದೊಂದು ಪ್ರಮಾಣ. ಪದರ ಪದರವಾಗಿ ಕೊರೆದು ನೋಡಿದರೆ ಯಾವ ಕಾಲದಲ್ಲಿ ಏನು ಬಂತು ಎಂಬುದೂ ಸಿಗಬಹುದು. ಈ ದೇವಬಾಗದ ಎದುರು ಅಲೆ ಹೊಡೆಯುತ್ತಿರುವ ನೀರು ಭೂಮಿಗೆ ಯಾರು ತಂದದ್ದು ಎಂಬ ಪ್ರಶ್ನೆಗೂ ಅಲ್ಲಿ ಸುಳಿವಿದೆ.

ಅವಸರ ಯಾಕೆಂದರೆ, ಅಲ್ಲಿ ಗಾಳಿಯಿಲ್ಲ. ಇಳಿಯುವ ನೌಕೆಯ ಇಂಜಿನ್ ಉಗುಳಿದ ಆವಿ ಚಂದ್ರನ ಸುತ್ತ ಹಾರಿ, ಕೊನೆಗೆ ಇದೇ ತಣ್ಣನೆಯ ಕುಳಿಗಳಲ್ಲಿ ಕೂರಬಹುದು. ಹತ್ತಾರು ನೌಕೆಗಳು ಇಳಿದ ಮೇಲೆ ಸಿಗುವ ಮಂಜಿನಲ್ಲಿ ಚಂದ್ರನದೆಷ್ಟು, ನಮ್ಮದೆಷ್ಟು? ಮೊದಲು ಓದಿ, ಆಮೇಲೆ ಕುಡಿಯಿರಿ ಎಂಬುದು ನನ್ನ ವಾದ. ದುಡ್ಡು ಹಾಕುವವರು ಅದೇ ಕ್ರಮದಲ್ಲಿ ಯೋಚಿಸುತ್ತಿದ್ದಾರೆ ಅನ್ನಿಸುವುದಿಲ್ಲ.

“ವಿಕ್ರಮ್ ಹನ್ನೆರಡು ದಿನಕ್ಕೇ ಮಲಗಿಬಿಟ್ಟಿತು. ಕೈಗಾದಂಥದ್ದೊಂದು ಸಣ್ಣದು ಮಾಡಿ ಕಳಿಸಬಾರದಿತ್ತಾ?”

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವರ ಮಗ ಕೇಳಿದ್ದು, ಪ್ರಶ್ನೆ ಚೆನ್ನಾಗಿದೆ. ಚಂದ್ರನಲ್ಲಿ ಸುಮಾರು ಹದಿನಾಲ್ಕು ದಿನ ಹಗಲು, ಅಷ್ಟೇ ದಿನ ರಾತ್ರಿ. ರಾತ್ರಿ ಸೊನ್ನೆಗಿಂತ 150 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಬ್ಯಾಟರಿ, ವಯರು, ಬೆಸುಗೆ ಯಾವುದೂ ಅದನ್ನು ತಡೆಯುವುದಿಲ್ಲ.

ಉಪಾಯ ಇದೆ. ರಿಯಾಕ್ಟರ್ ಬೇಡ. ತನ್ನಷ್ಟಕ್ಕೆ ಒಡೆಯುವ ವಿಕಿರಣ ವಸ್ತುವಿನ ಒಂದು ತುಣುಕು ಸಾಕು, ಅದು ವರ್ಷಗಟ್ಟಲೆ ಬೆಚ್ಚಗಿರುತ್ತದೆ. ಚಳಿಗೆ ಒಲೆಯ ಪಕ್ಕ ಕೂತ ಹಾಗೆ. ಸೋವಿಯತ್ ರೋವರ್ 1970ರಲ್ಲೇ ಇದರಿಂದ ರಾತ್ರಿಗಳನ್ನು ಕಳೆಯಿತು. ಅಪೊಲೊ ಬಿಟ್ಟು ಬಂದ ಉಪಕರಣಗಳು ಪ್ಲುಟೋನಿಯಂ ಬಿಸಿಯಿಂದ ಕರೆಂಟ್ ಪಡೆದವು. ಚಂದ್ರಯಾನ-3ರಲ್ಲೂ ಇಂಥ ಎರಡು ಪುಟ್ಟ ಹೀಟರ್ ಇದ್ದವು. ಆದರೆ ಅವು ಇದ್ದದ್ದು ಸುತ್ತುವ ಭಾಗದಲ್ಲಿ, ಪರೀಕ್ಷೆಗೆಂದು. ಇಳಿದ ವಿಕ್ರಮ್‌ನಲ್ಲಿ ಇರಲಿಲ್ಲ. ರಾತ್ರಿ ದಾಟುವ ವಿದ್ಯೆ ಬಾರದಿದ್ದರೆ ಮುಂದೆ ಹೇಳುವ ಅರ್ಧ ಕೆಲಸ ಆಗುವುದಿಲ್ಲ.

“ಚಂದ್ರನಲ್ಲೂ ಭೂಕಂಪ ಆಗುತ್ತಾ?”

ಆಗುತ್ತದೆ. ನನಗೆ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ.

ಅಪೊಲೊದವರು ನಾಲ್ಕು ಜಾಗಗಳಲ್ಲಿ ಕಂಪನಮಾಪಕಗಳ ಜಾಲ ಬಿಟ್ಟು ಬಂದಿದ್ದರು. 1977ರ ಸೆಪ್ಟೆಂಬರ್ 30ರಂದು ಅವನ್ನು ಆರಿಸುವ ಹೊತ್ತಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಕಂಪನಗಳು ದಾಖಲಾಗಿದ್ದವು. ಹೆಚ್ಚಿನವು ಬಹಳ ಆಳದವು, 700 ಕಿಲೊಮೀಟರಿಗೂ ಕೆಳಗೆ. ಮಜಾ ಏನೆಂದರೆ ಅವು ತಿಂಗಳ ಲೆಕ್ಕ ಹಿಡಿದು ಬರುತ್ತವೆ. ಚಂದ್ರ ನಮ್ಮ ಕಡಲನ್ನು ಎಳೆದ ಹಾಗೆ ಭೂಮಿ ಚಂದ್ರನ ಒಡಲನ್ನು ಎಳೆಯುತ್ತದೆ. ಒಂಥರಾ ಕಲ್ಲಿನ ಭರತಿ. ಇನ್ನು ಕೆಲವು ಮೇಲ್ಪದರದವು. ಸಿಕ್ಕಿದ್ದು ಇಪ್ಪತ್ತೆಂಟು ಮಾತ್ರ, ಆದರೆ ಜೋರಿನವು. ಅಲ್ಲಿನ ನೆಲ ಒಣಗಿ ಬಿರುಕು ಬಿಟ್ಟದ್ದು. ಅಲೆಗಳನ್ನು ಹೀರಿಕೊಳ್ಳಲು ನೀರಿಲ್ಲ. ಹಾಗಾಗಿ ಒಂದು ಸಲ ನಡುಗಿದರೆ ದೇವಸ್ಥಾನದ ಗಂಟೆಯ ಹಾಗೆ ಬಹಳ ಹೊತ್ತು ಗುಂಯ್‌ಗುಡುತ್ತದೆ. ಮುಂದೆ ಮನೆ ಕಟ್ಟುವವರು ಇದನ್ನು ನೆನಪಿಡಬೇಕು.

ತೊಂದರೆ ಎಲ್ಲಿ ಅಂದರೆ, ಆ ನಾಲ್ಕೂ ಉಪಕರಣಗಳು ಈ ಮುಖದಲ್ಲೇ, ಒಂದೇ ಮೂಲೆಯಲ್ಲಿದ್ದವು. ಎದೆಯ ಒಂದೇ ಕಡೆ ಸ್ಟೆತಸ್ಕೋಪ್ ಇಟ್ಟು ಇಡೀ ಮೈಯ ಸ್ಥಿತಿ ಹೇಳಿದ ಹಾಗೆ. 2011ರಲ್ಲಿ ಹಳೆಯ ದಾಖಲೆಗಳನ್ನೇ ಹೊಸ ಲೆಕ್ಕದಲ್ಲಿ ಜಾಲಾಡಿ, ಒಳಗೆ ಗಟ್ಟಿ ತಿರುಳು, ಅದರ ಸುತ್ತ ದ್ರವ ಇದೆ ಎಂದು ಹೇಳಿದರು. ಅರ್ಧ ಶತಮಾನದ ಹಿಂದಿನ ಟೇಪುಗಳಿಂದ ಇಷ್ಟು ಸಿಕ್ಕಿತು! ಚಂದ್ರನ ನಾಲ್ಕೂ ದಿಕ್ಕಿಗೆ, ಹಿಂಬದಿಗೂ ಸೇರಿಸಿ, ಹೊಸ ಕಂಪನಮಾಪಕಗಳನ್ನು ಇಟ್ಟು ವರ್ಷಗಟ್ಟಲೆ ಕೇಳಿಸಿಕೊಂಡರೆ ಏನೇನು ಸಿಗಬಹುದು ಯೋಚಿಸಿ.

ನಮ್ಮ ವಿಕ್ರಮ್‌ನಲ್ಲಿ ಬೆಂಗಳೂರಿನಲ್ಲಿ ಮಾಡಿದ ಇಲ್ಸಾ ಎಂಬ ಕಂಪನಮಾಪಕ ಇತ್ತು. 2023ರ ಆಗಸ್ಟ್ 26ರಂದು ಅದು ಸಹಜದ್ದೇ ಇರಬಹುದಾದ ಕಂಪನವೊಂದನ್ನು ಹಿಡಿಯಿತು. ಪ್ರಜ್ಞಾನ್ ಓಡಾಡಿದ ಸದ್ದನ್ನೂ ಹಿಡಿಯಿತು. ಹತ್ತು ದಿನ ಆಗುವ ಹೊತ್ತಿಗೆ ರಾತ್ರಿಯ ಭಯಕ್ಕೆ ಎಲ್ಲ ಮುಚ್ಚಬೇಕಾಯಿತು.

“ಹಿಂಬದಿ ಯಾವಾಗಲೂ ಕತ್ತಲೆ ಅಲ್ವಾ? ಅಲ್ಲಿ ಹೋಗಿ ಏನು ಕಾಣುತ್ತೆ?”

ಕತ್ತಲೆ ಅಲ್ಲ. ನಮಗೆ ಅಮಾವಾಸ್ಯೆಯಾದಾಗ ಅಲ್ಲಿ ನಡುಹಗಲು. ನಮಗೆ ಕಾಣುವುದಿಲ್ಲ, ಅಷ್ಟೇ.

ಆದರೆ ಅದು ಬೇರೆಯೇ ಊರು. ಈ ಮುಖದ ಮೂರನೇ ಒಂದು ಪಾಲಿನಷ್ಟು ಕಪ್ಪು ಲಾವಾ ಬಯಲು. ಆ ಮುಖದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಅಲ್ಲಿ ತೊಗಟೆಯೂ ದಪ್ಪ. ಒಂದೇ ಕೊಪ್ಪರಿಗೆಯಲ್ಲಿ ಬೆಂದದ್ದಕ್ಕೆ ಎರಡು ಮುಖ ಯಾಕೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಚೀನಾದ ಚಾಂಗ್‌ಇ-4 ನೌಕೆ 2019ರ ಜನವರಿ 3ರಂದು ಅಲ್ಲಿ ಮೊದಲು ಇಳಿಯಿತು. 2024ರ ಜೂನಿನಲ್ಲಿ ಚಾಂಗ್‌ಇ-6 ಅಲ್ಲಿಂದ ಎರಡು ಕಿಲೊಗೆ ಸ್ವಲ್ಪ ಕಡಿಮೆ ಮಣ್ಣು ತಂದಿತು. ಅದರಲ್ಲಿ ಸುಮಾರು 280 ಕೋಟಿ ವರ್ಷ ಹಳೆಯ ಲಾವಾ ಕಲ್ಲು ಸಿಕ್ಕಿದೆ. ಅಂದರೆ ಅಲ್ಲೂ ಜ್ವಾಲಾಮುಖಿ ಬಹಳ ಕಾಲ ಆರಿರಲಿಲ್ಲ.

## ಕೂತು ಮಾತಾಡುವವರು ಕೇಳುವವು

“ವಿಜ್ಞಾನಿಗಳ ಪಟ್ಟಿಯಲ್ಲಿ ಮೊದಲನೇ ನಂಬರು ಯಾವುದಕ್ಕೆ?”

2007ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಚಂದ್ರವಿಜ್ಞಾನದ ಎಂಟು ದೊಡ್ಡ ವಿಷಯಗಳ ಪಟ್ಟಿ ಮಾಡಿತು. ಒಡಲಿನ ರಚನೆ, ಬಂಡೆಗಳ ವೈವಿಧ್ಯ, ಧ್ರುವದ ನೀರು, ಜ್ವಾಲಾಮುಖಿ ಎಲ್ಲ ಅದರಲ್ಲಿವೆ. ಮೊದಲನೆಯದು ಮಾತ್ರ ಏಟಿನ ಇತಿಹಾಸ: ಯಾವಾಗ, ಎಷ್ಟು ಕಲ್ಲುಗಳು ಬಡಿದವು?

ಅಪೊಲೊ ಕಲ್ಲುಗಳಲ್ಲಿ ಬಹಳಷ್ಟರ ಏಟಿನ ವಯಸ್ಸು 390 ಕೋಟಿ ವರ್ಷದ ಹತ್ತಿರ ಗುಂಪಾಗಿ ನಿಂತಿತು. ಹಾಗಾದರೆ ಆಗ ಒಮ್ಮೆಲೇ ಕಲ್ಲಿನ ಮಳೆ ಸುರಿಯಿತೇ? ಎಷ್ಟೋ ವರ್ಷ ಹಾಗೇ ನಂಬಿದ್ದರು. ಈಗ ಸಂಶಯ ಬಂದಿದೆ. ಮಳೆಯ ಕಡಲು ಅನ್ನುವ ಇಂಬ್ರಿಯಂ ಹೊಂಡ ಆದಾಗ ಚಿಮ್ಮಿದ ಚೂರುಗಳು ಅಪೊಲೊ ಇಳಿದ ಕಡೆಗಳಲ್ಲೆಲ್ಲ ಹರಡಿರಬಹುದು. ಅಂದರೆ ಬೇರೆ ಬೇರೆ ಜಾಗದಲ್ಲಿ ಆರಿಸಿದರೂ ಕೈಗೆ ಬಂದದ್ದು ಒಂದೇ ಏಟಿನ ಕಲ್ಲು. ಮಾರಿಕಾಂಬೆ ಜಾತ್ರೆಯ ದಿನ ಶಿರಸಿ ಪೇಟೆಯಲ್ಲಿ ತಲೆ ಎಣಿಸಿ, ವರ್ಷವಿಡೀ ಇಷ್ಟೇ ಜನ ಅಂತ ಬರೆದುಕೊಂಡ ಹಾಗೆ.

ಇದನ್ನು ಬಿಡಿಸಲು ಇಂಬ್ರಿಯಂನಿಂದ ದೂರದ, ಅದಕ್ಕಿಂತ ಹಳೆಯ ಹೊಂಡದ ಕಲ್ಲು ಬೇಕು. ಎಲ್ಲಕ್ಕಿಂತ ಹಳೆಯದು, ದೊಡ್ಡದು ಹಿಂಬದಿಯ ದಕ್ಷಿಣಧ್ರುವ-ಐಟ್ಕೆನ್ ಹೊಂಡ. ಅಗಲ ಸುಮಾರು 2,500 ಕಿಲೊಮೀಟರ್. ಕಾರವಾರದಲ್ಲಿ ಒಂದು ಅಂಚು ಇಟ್ಟರೆ ಇನ್ನೊಂದು ಕಾಶ್ಮೀರದ ತುದಿ ಮುಟ್ಟುತ್ತದೆ. ಚಾಂಗ್‌ಇ-6 ತಂದ ಚೂರುಗಳಿಂದ ಅದಕ್ಕೆ 425 ಕೋಟಿ ವರ್ಷ ಎಂಬ ಲೆಕ್ಕ ಬಂದಿದೆ. ಆದರೆ ಅದು ಒಂದೇ ಜಾಗದ ಮಣ್ಣು. 2022ರ ಅಮೆರಿಕದ ಹತ್ತು ವರ್ಷದ ಯೋಜನಾ ವರದಿ ಎಂಡ್ಯೂರೆನ್ಸ್ ಎಂಬ ರೋವರ್ ಬೇಕೆಂದು ಕೇಳಿದೆ. ಅದು ಈ ಹೊಂಡದಲ್ಲಿ ಸುಮಾರು 2,000 ಕಿಲೊಮೀಟರ್ ಓಡಾಡಿ, ನೂರು ಕಿಲೊದಷ್ಟು ಕಲ್ಲು ಆರಿಸಿ, ಧ್ರುವಕ್ಕೆ ಬಂದ ಗಗನಯಾತ್ರಿಗಳ ಕೈಗೆ ಕೊಡಬೇಕು. ಕೇಳಿದ್ದು ಸಿಗುತ್ತದೋ ಇಲ್ಲವೋ ಬೇರೆ ಮಾತು.

ಇದರಿಂದ ಚಂದ್ರನಾಚೆಗೂ ಲಾಭ ಇದೆ. ಮಂಗಳ, ಬುಧ ಗ್ರಹಗಳ ನೆಲದ ವಯಸ್ಸನ್ನು ಕುಳಿ ಎಣಿಸಿ ಹೇಳುತ್ತಾರೆ. ಎಷ್ಟು ಕುಳಿಗೆ ಎಷ್ಟು ವರ್ಷ ಎಂಬ ತೂಕದ ಕಲ್ಲು ಚಂದ್ರನಿಂದಲೇ ಬಂದದ್ದು. ಅದು ತಪ್ಪಿದ್ದರೆ ಎಲ್ಲ ತಕ್ಕಡಿಯೂ ತಪ್ಪು. ಭೂಮಿಯಲ್ಲಿ ಜೀವ ಹುಟ್ಟಿದ್ದು ಈ ಏಟುಗಳ ನಡುವೆಯೋ, ಎಲ್ಲ ಮುಗಿದ ಮೇಲೋ ಎಂಬುದೂ ಇದಕ್ಕೇ ಅಂಟಿಕೊಂಡಿದೆ.

“ಕಲ್ಲನ್ನು ಇಲ್ಲಿಗೆ ತರಲೇಬೇಕಾ? ರೋವರ್ ಅಲ್ಲೇ ಪರೀಕ್ಷೆ ಮಾಡಿ ಹೇಳಲ್ವಾ?”

ಏನಿದೆ ಅಂತ ಹೇಳುತ್ತದೆ, ಯಾವಾಗಿನದು ಅಂತ ನಿಖರವಾಗಿ ಹೇಳಲಾರದು. ಮಂಗಳನ ಮೇಲೆ ಕ್ಯೂರಿಯಾಸಿಟಿ ರೋವರ್ 2013ರಲ್ಲಿ ಒಂದು ಬಂಡೆಯ ವಯಸ್ಸು ಹೇಳಿತು: 421 ಕೋಟಿ ವರ್ಷ, ಆಚೀಚೆ 35 ಕೋಟಿ. ಅಲ್ಲೇ ಮಾಡಿದ್ದು ದೊಡ್ಡ ಸಂಗತಿಯೇ. ಆದರೆ ಮೇಲೆ ಹೇಳಿದ ಜಗಳ ತೀರಲು ಅಷ್ಟು ದೊಡ್ಡ ‘ಆಚೀಚೆ’ ಸಾಲದು. ಅದಕ್ಕೆ ಕೋಣೆ ತುಂಬುವ ಯಂತ್ರ, ಸ್ವಚ್ಛ ಪ್ರಯೋಗಾಲಯ ಬೇಕು. ಇನ್ನೊಂದು ಲಾಭ, ಕಲ್ಲು ಕಾಯುತ್ತದೆ. 1972ರಲ್ಲಿ ಮೊಹರು ಹಾಕಿದ ಅಪೊಲೊ 17ರ ಒಂದು ಕೊಳವೆಯನ್ನು 2022ರಲ್ಲಿ ತೆರೆದರು. ಅದನ್ನು ಓದುವ ಯಂತ್ರ ಮೊದಲು ಇರಲಿಲ್ಲ.

ಹಾಗಾದರೆ ಚಂದ್ರನಿಂದ ತಾವಾಗಿ ಬಿದ್ದ ಉಲ್ಕೆಗಳು? ಸಿಕ್ಕಿವೆ, ನೂರಾರು. ಆದರೆ ಅವಕ್ಕೆ ವಿಳಾಸ ಇಲ್ಲ. ಯಾವ ಹೊಂಡದ್ದು ಅಂತ ಗೊತ್ತಿಲ್ಲದ ಕಲ್ಲಿನ ವಯಸ್ಸು ಅರ್ಧ ಮಾತು. ಅಂದಹಾಗೆ, ಗೋವಾದ ಸಂತೆಯಲ್ಲಿ ‘ಚಂದ್ರನ ಕಲ್ಲು’ ಕೊಂಡು ನನ್ನ ಹತ್ತಿರ ತಂದವರು ಈವರೆಗೆ ಮೂರು ಜನ. ಮೂರೂ ಕಬ್ಬಿಣ ಕರಗಿಸಿದ ಕಿಟ್ಟ. ಒಬ್ಬರು ಕೊಟ್ಟ ದುಡ್ಡು ಕೇಳಿ ನನಗೇ ತಲೆ ತಿರುಗಿತು.

“ಹಿಂಬದಿಯಲ್ಲಿ ರೇಡಿಯೋ ದೂರದರ್ಶಕ ಇಡ್ತಾರಂತೆ. ಭೂಮಿಯಲ್ಲಿ ಜಾಗ ಇಲ್ವಾ?”

ಜಾಗ ಇದೆ, ಮೌನ ಇಲ್ಲ. ಮೊದಲ ನಕ್ಷತ್ರಗಳು ಹುಟ್ಟುವ ಮುಂಚೆ ವಿಶ್ವದಲ್ಲಿ ಹೈಡ್ರೋಜನ್ ಮಾತ್ರ ಬಹಳ ಮಂದ ರೇಡಿಯೋ ದನಿ ಮಾಡುತ್ತಿತ್ತು. ಆ ಅಲೆ ಹೊರಟಾಗ 21 ಸೆಂಟಿಮೀಟರ್. ವಿಶ್ವ ಹಿಗ್ಗುತ್ತ ಹಿಗ್ಗುತ್ತ ಈಗ ಹತ್ತು ಮೀಟರಿಗೂ ಉದ್ದ ಆಗಿದೆ. ಇಷ್ಟು ಉದ್ದದ ಅಲೆಗಳನ್ನು ನಮ್ಮ ವಾತಾವರಣದ ಮೇಲ್ಪದರ ಕೆಡಿಸುತ್ತದೆ ಇಲ್ಲವೇ ತಡೆಯುತ್ತದೆ. ಉಳಿದದ್ದನ್ನು ನಮ್ಮ ರೇಡಿಯೋ, ಟಿವಿ ಮುಳುಗಿಸುತ್ತವೆ.

ಈ ಪಾಡು ನಮ್ಮವರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮೊದಲ ನಕ್ಷತ್ರಗಳ ಕಾಲದ ಸುಳಿವು ಹುಡುಕಲು ಸರಸ್ ಎಂಬ ಆಂಟೆನಾವನ್ನು 2020ರಲ್ಲಿ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟಿದ್ದರು. ನಮ್ಮ ಹೊನ್ನಾವರದಲ್ಲಿ ಕಡಲು ಸೇರುವ ಅದೇ ಶರಾವತಿ. ಅಮೆರಿಕದ ತಂಡವೊಂದು 2018ರಲ್ಲಿ ‘ಸಿಕ್ಕಿತು’ ಎಂದಿದ್ದ ಸಂಕೇತ ಸರಸ್‌ಗೆ ಕಾಣಲಿಲ್ಲ. ಆ ಮಾತು ಅಲ್ಲಿಗೆ ಅಲುಗಾಡಿತು. ಮುಂದೆ ಚಂದ್ರನನ್ನು ಸುತ್ತುವ ಪ್ರತುಷ್ ಎಂಬ ಉಪಕರಣದ ಪ್ರಸ್ತಾಪ ಅವರದ್ದೇ. ಚಂದ್ರನ ಬೆನ್ನ ಹಿಂದೆ ಹೋದಾಗ ಭೂಮಿಯ ಗಲಾಟೆಗೆ ಇಡೀ ಚಂದ್ರ ಅಡ್ಡ ನಿಲ್ಲುತ್ತದೆ. ಆ ಮೌನವನ್ನೂ ನಾವು ಉಪಗ್ರಹ ತುಂಬಿಸಿ ಹಾಳು ಮಾಡುವ ಮುಂಚೆ ಕೇಳಿಸಿಕೊಳ್ಳಬೇಕು.

“ಹೀಲಿಯಂ-3 ತಂದರೆ ಕೈಗಾನೇ ಬೇಡ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು?”

ಚಂದ್ರನ ಮಣ್ಣಿನಲ್ಲಿ ಸಿಗುವ, ಮುಂದೆ ಅಣುವಿದ್ಯುತ್ತಿಗೆ ಇಂಧನ ಆದೀತು ಅನ್ನುವ ಅನಿಲ ಅದು. ನೂರು ಕೋಟಿ ಪಾಲು ಮಣ್ಣಿನಲ್ಲಿ ಹತ್ತಿಪ್ಪತ್ತು ಪಾಲು ಸಿಕ್ಕರೆ ಪುಣ್ಯ. ಒಂದು ಟನ್ ಮಣ್ಣು ಕಾಯಿಸಿದರೆ ಮಿಲಿಗ್ರಾಂ ಲೆಕ್ಕ. ಅದನ್ನು ಉರಿಸಿ ಕರೆಂಟ್ ಕೊಡುವ ಸ್ಥಾವರ ಭೂಮಿಯಲ್ಲಿ ಒಂದೂ ಇಲ್ಲ. ಆ ಸಂದೇಶ ಮುಂದೆ ಕಳಿಸಬೇಡಿ.

“ಭಾರತದ್ದು ಮುಂದೇನು?”

ಎರಡು ಯಾನಗಳಿಗೆ ಒಪ್ಪಿಗೆ ಸಿಕ್ಕಿದೆ. ಚಂದ್ರಯಾನ-4 ಕಲ್ಲು ಮಣ್ಣು ತರುವ ಯಾನ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 2,104 ಕೋಟಿ ರೂಪಾಯಿಗೆ ಒಪ್ಪಿತು. ಭಾಗಗಳನ್ನು ಎರಡು ರಾಕೆಟ್ಟುಗಳಲ್ಲಿ ಕಳಿಸಿ ಬಾಹ್ಯಾಕಾಶದಲ್ಲೇ ಜೋಡಿಸಬೇಕು. ಆ ಜೋಡಣೆಯ ವಿದ್ಯೆಯನ್ನು ಇಸ್ರೊ 2025ರ ಜನವರಿ 16ರಂದು ಸ್ಪೇಡೆಕ್ಸ್ ಎಂಬ ಪ್ರಯೋಗದಲ್ಲಿ ಮಾಡಿ ತೋರಿಸಿತು. ಚಂದ್ರಯಾನ-5 ಜಪಾನ್ ಜೊತೆಗಿನದು. ಅವರ ರಾಕೆಟ್, ಅವರ ರೋವರ್, ನಮ್ಮ ಲ್ಯಾಂಡರ್. ಧ್ರುವದ ಹತ್ತಿರ ನೆಲ ಕೊರೆದು ನೀರನ್ನು ಅಳೆಯುವುದು ಕೆಲಸ. ಚಂದ್ರಯಾನ-3ರ ಉಷ್ಣತೆ ಅಳೆಯುವ ಸಲಾಕೆ ಹತ್ತು ಸೆಂಟಿಮೀಟರ್ ಇಳಿದಿತ್ತು. ಎಂಟು ಸೆಂಟಿಮೀಟರ್ ಕೆಳಗೇ ಸೊನ್ನೆಗಿಂತ ಹತ್ತು ಡಿಗ್ರಿ ತಣ್ಣಗಿತ್ತು, ಮೇಲೆ ಐವತ್ತು ಡಿಗ್ರಿ ಸುಡುವಾಗ. ಈ ಸಲ ಒಂದೂವರೆ ಮೀಟರ್ ಕೊರೆಯುವ ಯೋಚನೆ.

“ನಿಮ್ಮ ಕೈಗೇ ಒಂದು ಯಾನ ಕೊಟ್ಟರೆ ಏನು ಮಾಡ್ತೀರಿ ಅಕ್ಕೋರೇ?”

ಕಂಪನಮಾಪಕ. ನಾಲ್ಕು ಕಡೆ, ಹತ್ತು ವರ್ಷ. ಕಲ್ಲು ತರಲು ಎಲ್ಲರೂ ಹೊರಟಿದ್ದಾರೆ, ನೀರಿಗಂತೂ ಸಾಲು ನಿಂತಿದ್ದಾರೆ. ಒಂದೇ ಜಾಗದಲ್ಲಿ ಕೂತು ಕೇಳಿಸಿಕೊಳ್ಳುವ ಪೆಟ್ಟಿಗೆಗೆ ಒಳ್ಳೆಯ ಫೋಟೊ ಬರುವುದಿಲ್ಲ, ಟಿವಿಯವರು ಬರುವುದಿಲ್ಲ. ಒಂದು ದೇಶದಿಂದ ಆಗುವ ಕೆಲಸವೂ ಅಲ್ಲ. ಚೀನಾದ್ದು ಒಂದು, ನಾಸಾದ್ದು ಒಂದು, ನಮ್ಮದು ಒಂದು ಇದ್ದರೂ ಎಲ್ಲರ ದಾಖಲೆ ಒಟ್ಟಿಗೆ ಕೂರಿಸಿದರೆ ಮಾತ್ರ ಒಡಲು ಕಾಣುತ್ತದೆ. ನಮ್ಮ ಕಾರವಾರದ ಗೆಳತಿಯೊಬ್ಬರು ‘ಅದಕ್ಕೇ ಅದು ಆಗೋದಿಲ್ಲ’ ಅಂದರು. ಇರಬಹುದು.

“ನನ್ನ ಮಗಳಿಗೆ ಇದರ ಹುಚ್ಚು. ಏನು ಓದಿಸಬೇಕು?”

ಅಂಕೋಲೆಯ ತಾಯಿಯೊಬ್ಬರು ಕೇಳಿದ್ದು. ಎಲ್ಲರೂ ಕಂಪ್ಯೂಟರ್ ಅನ್ನುತ್ತಾರೆ. ಅದೂ ಬೇಕು. ಆದರೆ ಮೇಲಿನದ್ದನ್ನೆಲ್ಲ ಓದಿದವರಿಗೆ ಗೊತ್ತಾಗಿರಬೇಕು, ಚಂದ್ರನ ಕೆಲಸ ಎಂದರೆ ಅರ್ಧಕ್ಕರ್ಧ ಕಲ್ಲಿನ ಕೆಲಸ. ವಿಕ್ರಮ್ ಇಳಿಯುವ ಅಭ್ಯಾಸಕ್ಕೆ ಇಸ್ರೊ ಚಳ್ಳಕೆರೆ ಹತ್ತಿರ ಕುಳಿಗಳನ್ನು ತೋಡಿತು. ಚಂದ್ರನ ಮಣ್ಣಿನ ನಕಲು ಮಾಡಲು ತಮಿಳುನಾಡಿನ ಸಿತಾಂಪೂಂಡಿಯ ಬಿಳಿಕಲ್ಲು ಪುಡಿ ಮಾಡಿತು. ಆ ಕಲ್ಲು ಚಂದ್ರನದರ ಹಾಗೇ ಇದೆ ಅಂತ ಗುರುತಿಸಿದವರು ಭೂವಿಜ್ಞಾನಿಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಭೂವಿಜ್ಞಾನ ಓದಬಹುದು. ಒಂಬತ್ತನೇ ತರಗತಿಯಲ್ಲಿದ್ದರೆ ಶಾಲೆಯ ಮಕ್ಕಳಿಗೆಂದೇ ಇರುವ ಇಸ್ರೊದ ಯುವಿಕಾ ಕಾರ್ಯಕ್ರಮಕ್ಕೆ ಅರ್ಜಿ ಹಾಕಲಿ.

ಆ ಹುಡುಗಿಗೆ ಒಂದು ಕೆಲಸ ಕೊಟ್ಟೆ. ಊರಿನ ಸುತ್ತ ಸಿಕ್ಕ ಬೇರೆ ಬೇರೆ ಕಲ್ಲು ಆರಿಸು, ಒಂದೊಂದಕ್ಕೂ ಎಲ್ಲಿ ಸಿಕ್ಕಿತು, ಯಾವ ದಿನ ಅಂತ ಚೀಟಿ ಅಂಟಿಸು. ಮುಂದಿನ ತಿಂಗಳು ಹದಿನೇಳು ಕಲ್ಲು ತಂದಳು. ಒಂದರ ಮೇಲೆ ಬರೆದಿತ್ತು: ‘ಅಜ್ಜಿ ಮನೆ ಬಾವಿಕಟ್ಟೆ ಹಿಂದೆ, ಎಡಗಡೆ, ಭಾನುವಾರ.’